ನಾಯಿಗೆ ಊಟವಾಯಿತೇ?

ಪ್ರತಿ ಭಾನುವಾರ ಬೆಳಗ್ಗೆ ನಮ್ಮ ಬಸದಿಯ ಪಾಠಶಾಲೆಯಲ್ಲಿ ಮಕ್ಕಳಿಗೆ ಶ್ರಾವಕಾಚಾರದ ಪಾಠ ಹೇಳುವ ಭಾಗ್ಯ ನನಗೆ ಹಲವು ವರ್ಷಗಳಿಂದ ದೊರೆತಿದೆ. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಮಕ್ಕಳು ನನ್ನಿಂದಲೇ ಕಂಠಪಾಠ ಮಾಡಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಎಣಿಸಿದ ಇವನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಇಲ್ಲಿ ವಧವೆಂದರೆ ಪ್ರಾಣ ತೆಗೆಯುವುದಲ್ಲ, ಕೋಲು ಬೆತ್ತಗಳಿಂದ ಹೊಡೆಯುವುದು. ಬಂಧವೆಂದರೆ ಪ್ರಾಣಿಯು ತಾನು ಬಯಸಿದೆಡೆಗೆ ಹೋಗದಂತೆ ಕಟ್ಟಿಹಾಕುವುದು. ಛೇದವೆಂದರೆ ಕಿವಿ ಮೂಗು ಮೊದಲಾದ ಅವಯವಗಳನ್ನು ಕತ್ತರಿಸುವುದು. ಇವನ್ನೆಲ್ಲ ನಾನು ಎತ್ತು ಕುದುರೆಗಳ ದೃಷ್ಟಾಂತ ಕೊಟ್ಟು ಹೇಳುತ್ತಿದ್ದೆ. ನಮ್ಮ ಬೀದಿಯಲ್ಲಿ ಈಗ ಎತ್ತೂ ಇಲ್ಲ, ಕುದುರೆಯೂ ಇಲ್ಲ. ಆದ್ದರಿಂದ ಆ ಪಾಠವು ಕೇಳುವವರಿಗಾಗಲಿ ಹೇಳುವವನಿಗಾಗಲಿ ಯಾವ ತೊಂದರೆಯನ್ನೂ ಕೊಡುತ್ತಿರಲಿಲ್ಲ.

2022ರ ಚಾತುರ್ಮಾಸದಲ್ಲಿ ಒಂದೇ ದಿನ ಈ ಐದರಲ್ಲಿ ಮೂರನ್ನು ನಾನೇ ಆಚರಿಸಿದೆ. ಅದೂ ಆಹಾರದಾನದ ದಿನ. ಧರ್ಮಬಂಧುಗಳ ಮುಂದೆ ಅದನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಆದರೆ ಈಚೆಗೆ ನಮ್ಮವರ ಹಲವು ಮನೆಗಳಲ್ಲಿ ನಾಯಿ ಸಾಕುತ್ತಿರುವುದನ್ನು ಕಾಣುತ್ತಿದ್ದೇನೆ. ಅವರಲ್ಲಿ ಒಬ್ಬರಿಗಾದರೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನಮ್ಮ ಮನೆಯ ನಾಯಿಯ ಹೆಸರು ಮೋತಿ. 2020ರ ಏಪ್ರಿಲಿನಲ್ಲಿ, ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ದಿನಗಳಲ್ಲಿ, ನಮ್ಮ ಉಗ್ರಾಣದ ಜೋಳದ ಚೀಲಗಳ ನಡುವೆ ಅದು ಒಂಟಿಯಾಗಿ ಸಿಕ್ಕಿತು. ಆಗ ಅದಕ್ಕೆ ಒಂದು ತಿಂಗಳು ದಾಟಿತ್ತೋ ಇಲ್ಲವೋ. ತಾಯಿ ಮತ್ತೆ ಬರಲಿಲ್ಲ. ಕ್ರೂರಪ್ರಾಣಿಗಳನ್ನು ಸಾಕುವುದನ್ನು ನಮ್ಮ ಆಚಾರ್ಯರು ಶ್ರಾವಕನಿಗೆ ಒಪ್ಪಿಲ್ಲವೆಂದು ನಾನು ಮೊದಲು ಹಿಂಜರಿದೆ. ಆದರೆ ಕಾವಲಿಗೆಂದೋ ಬೇಟೆಗೆಂದೋ ಪ್ರಾಣಿಯನ್ನು ತಂದು ಸಾಕುವುದು ಬೇರೆ, ಬಾಗಿಲಲ್ಲಿ ಹಸಿದು ನಿಂತ ಮರಿಯನ್ನು ಕರೆದುಕೊಳ್ಳುವುದು ಬೇರೆ ಎಂದು ನನ್ನ ಪತ್ನಿ ಹೇಳಿದ್ದು ನ್ಯಾಯವಾಗಿ ತೋರಿತು. ಸಾವಿರಗಟ್ಟಲೆ ರೂಪಾಯಿ ತೆತ್ತು ಜಾತಿಯ ಮರಿಗಳನ್ನು ತರುವುದನ್ನು, ನೋಟ ಚೆಂದವಾಗಲೆಂದು ಅವುಗಳ ಕಿವಿ ಬಾಲಗಳನ್ನು ಕತ್ತರಿಸುವುದನ್ನು ನಾನು ಇಂದಿಗೂ ಒಪ್ಪುವುದಿಲ್ಲ. ಅದು ನೇರವಾಗಿ ಛೇದವೇ.

ಇನ್ನು ಆ ದಿನದ ಮಾತು. ಮುನಿಮಹಾರಾಜರ ಆಹಾರಕ್ಕೆ ನಮ್ಮ ಮನೆಯಲ್ಲಿ ಚೌಕ ಹೂಡಿದ್ದೆವು. ಮೂರು ದಿನ ಮುಂಚಿನಿಂದ ಸಿದ್ಧತೆ. ಧಾನ್ಯವನ್ನು ಆರಿಸಿ ಒಗೆದ ಬಟ್ಟೆಯಲ್ಲಿ ಕಟ್ಟಿಟ್ಟಿದ್ದೆವು. ನೀರನ್ನು ಸೋಸಿ ಕಾಯಿಸಿದ್ದೆವು. ಪಡಿಗಾಹನಕ್ಕೆ ಯಾರು ಎಲ್ಲಿ ನಿಲ್ಲಬೇಕು, ಪಾದಪ್ರಕ್ಷಾಲನದ ಪಾತ್ರೆ ಯಾರ ಕೈಯಲ್ಲಿರಬೇಕು ಎಂಬುದೆಲ್ಲ ನಿಶ್ಚಯವಾಗಿತ್ತು. ನಾಯಿಯ ವಿಷಯವನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಹೊತ್ತಿಗೆ ಸರಿಯಾಗಿ ಅದನ್ನು ಹಿತ್ತಲ ಕಂಬಕ್ಕೆ ಒಂದು ಹಳೆಯ ಹಗ್ಗದಿಂದ ಕಟ್ಟಿದೆವು, ಅಷ್ಟೆ. ಮಹಾರಾಜರು ನಿಂತು ಅಂಜಲಿಯಲ್ಲಿ ನಾಲ್ಕಾರು ತುತ್ತು ಸ್ವೀಕರಿಸಿರಬಹುದು. ಅಪರಿಚಿತ ಜನರ ಗದ್ದಲಕ್ಕೆ ಹೆದರಿ ಬೊಗಳುತ್ತಿದ್ದ ಮೋತಿ ಹಗ್ಗ ಹರಿದುಕೊಂಡು ಒಳಗೆ ನುಗ್ಗಿತು, ಅವರ ಪಾದಗಳ ನಡುವೆಯೇ ಹಾದು ಮೂಲೆಗೆ ಸೇರಿತು. ಪಂಚೇಂದ್ರಿಯ ಜೀವಿಯು ಪಾದಗಳ ನಡುವೆ ಹಾಯ್ದರೆ ಅಂತರಾಯವೆಂಬುದು ಓದುಗರಿಗೆ ತಿಳಿದದ್ದೇ. ಮಹಾರಾಜರು ಅಂಜಲಿಯನ್ನು ಬಿಟ್ಟರು. ದಿನಕ್ಕೊಮ್ಮೆಯ ಆಹಾರ, ನೀರೂ ಅದರೊಂದಿಗೇ. ಅವರಿಗೆ ಇನ್ನು ಮರುದಿನವೇ.

ಅವರ ಮುಖದಲ್ಲಿ ಯಾವ ವಿಕಾರವೂ ಇರಲಿಲ್ಲ. ವಿಕಾರವಾದದ್ದು ನನಗೆ. ಅವರು ಹೊರಟುಹೋದ ಮೇಲೆ ಬಾಗಿಲ ಅಗುಳಿಯ ಕೋಲನ್ನು ತೆಗೆದುಕೊಂಡು ನಾಯಿಯನ್ನು ಹೊಡೆದೆ. ಒಂದೆರಡು ಏಟಲ್ಲ. ಅನಂತರ ಉಗ್ರಾಣದಿಂದ ಕಬ್ಬಿಣದ ಸರಪಳಿ ತರಿಸಿ ಕಂಬಕ್ಕೆ ಗಿಡ್ಡವಾಗಿ ಬಿಗಿಸಿದೆ. ಇವತ್ತು ಇದಕ್ಕೆ ಒಂದು ತುತ್ತು ಅನ್ನವನ್ನೂ ಹಾಕಕೂಡದು ಎಂದು ಮನೆಯವರಿಗೆ ಹೇಳಿ ಬಸದಿಗೆ ಹೋದೆ.

ಅಪರಾಹ್ನದ ಸ್ವಾಧ್ಯಾಯ ಮುಗಿದ ಬಳಿಕ ಕ್ಷಮೆ ಬೇಡಲು ಮಹಾರಾಜರ ಮುಂದೆ ಕುಳಿತೆ. ನಾನು ಮಾತು ಆರಂಭಿಸುವ ಮೊದಲೇ ಅವರು ಕೇಳಿದರು: “ನಾಯಿಗೆ ಊಟವಾಯಿತೇ?”

ನಾನು ಉತ್ತರ ಕೊಡಲಿಲ್ಲ. ಅವರು ಮತ್ತೆ ಕೇಳಲೂ ಇಲ್ಲ. ಮನೆಗೆ ಬಂದು ನೋಡಿದಾಗ ಮೋತಿ ನನ್ನನ್ನು ಕಂಡು ಮೈ ಕುಗ್ಗಿಸಿ, ಬಾಲ ಮಡಚಿ, ನೆಲಕ್ಕೆ ಅಂಟಿಕೊಂಡಿತು. “ನೋಡಿ, ತಪ್ಪು ಮಾಡಿದ್ದು ಅದಕ್ಕೂ ಗೊತ್ತಿದೆ” ಎಂದು ನೆರೆಮನೆಯವರು ಅಂದರು. ನಾನೂ ಆಗ ಹಾಗೆಯೇ ಎಣಿಸಿದ್ದೆ. ಅದು ಸುಳ್ಳೆಂದು ಆಮೇಲೆ ತಿಳಿಯಿತು. 2009ರಲ್ಲಿ ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದುಷಿ ಇದನ್ನೇ ಪರೀಕ್ಷಿಸಿದ್ದಾರೆ. ಮುಟ್ಟಬಾರದೆಂದು ಹೇಳಿದ ತಿಂಡಿಯನ್ನು ತಿಂದ ನಾಯಿ, ತಿನ್ನದ ನಾಯಿ, ಎರಡೂ ಒಡೆಯನು ಗದರಿಸಿದಾಗ ಅದೇ ‘ಅಪರಾಧಿಯ ಮುಖ’ವನ್ನು ತೋರಿದವು; ತಿನ್ನದೆಯೇ ಗದರಿಕೆ ಕೇಳಿದ ನಾಯಿಗಳಲ್ಲಿ ಅದು ಇನ್ನೂ ಹೆಚ್ಚಾಗಿತ್ತು. ಅಂದರೆ ಅದು ಪಶ್ಚಾತ್ತಾಪವಲ್ಲ, ಭಯ. ಬೆಳಗಿನ ಕೃತ್ಯಕ್ಕೂ ಮಧ್ಯಾಹ್ನದ ಸರಪಳಿಗೂ ಸಂಬಂಧ ಹಚ್ಚುವ ಶಕ್ತಿ ನಾಯಿಯಲ್ಲಿ ಕಾಣದು. ಪ್ರತಿಫಲವು ಕ್ಷಣದೊಳಗೆ ಬಂದರೆ ಮಾತ್ರ ಅದು ಕಲಿಯುತ್ತದೆ. ತಡವಾಗಿ ಬಂದ ಏಟಿನಿಂದ ಅದು ಕಲಿಯುವುದು ಒಂದೇ ವಿಷಯ: ಈ ಮನುಷ್ಯ ಅಪಾಯಕಾರಿ.

ಆ ರಾತ್ರಿ ನಿದ್ರೆ ಬರಲಿಲ್ಲ. ಮುಂದಿನ ಭಾನುವಾರ ಪಾಠಶಾಲೆಗೂ ಹೋಗಲಿಲ್ಲ, ಮೈ ಸರಿಯಿಲ್ಲವೆಂದು ಹೇಳಿ ಕಳುಹಿಸಿದೆ. ಅದು ಇನ್ನೊಂದು ಸುಳ್ಳು.

ನಮ್ಮ ಊರಿನ ನಿವೃತ್ತ ಪಶುವೈದ್ಯರೊಬ್ಬರು ನನ್ನ ಹಳೆಯ ಗಿರಾಕಿಗಳು. ಅವರ ಬಳಿ ಎಲ್ಲವನ್ನೂ ಹೇಳಿದೆ. ಅವರು ನಾಯಿಯನ್ನು ನೋಡುವುದಕ್ಕೆ ಮೊದಲು ನನ್ನನ್ನೇ ಪ್ರಶ್ನಿಸಿದರು. ಮರಿ ಯಾವ ತಿಂಗಳಲ್ಲಿ ಸಿಕ್ಕಿತು, ಆಗ ಮನೆಗೆ ಯಾರು ಯಾರು ಬರುತ್ತಿದ್ದರು ಎಂದು ಕೇಳಿದರು. ಯಾರೂ ಬರುತ್ತಿರಲಿಲ್ಲ, ಅದು ಲಾಕ್‌ಡೌನ್ ಕಾಲ ಎಂದೆ. ಅಲ್ಲಿಯೇ ಇದೆ ಗಂಟು ಎಂದರು. ಹುಟ್ಟಿದ 3ನೆಯ ವಾರದಿಂದ ಸುಮಾರು 12-14ನೆಯ ವಾರದವರೆಗೆ ನಾಯಿಮರಿಯ ಮನಸ್ಸು ತೆರೆದಿರುತ್ತದೆ. ಆ ಅವಧಿಯಲ್ಲಿ ಯಾವ ಯಾವ ಬಗೆಯ ಜನ, ಧ್ವನಿ, ವಸ್ತುಗಳನ್ನು ಅದು ನೆಮ್ಮದಿಯಿಂದ ಕಂಡಿತೋ ಅವನ್ನೆಲ್ಲ ಲೋಕದ ಸಹಜ ಅಂಗವೆಂದು ಒಪ್ಪುತ್ತದೆ. ಆಗ ಕಾಣದ್ದು ಮುಂದೆ ಭಯಕ್ಕೆ ಕಾರಣವಾಗುವ ಸಂಭವ ಹೆಚ್ಚು. ಮೋತಿಯ ಆ ಹತ್ತು ವಾರಗಳು ಐದು ಜನರ ಮುಖ ನೋಡಿಯೇ ಮುಗಿದಿದ್ದವು. ಅದಕ್ಕೆ ಇಪ್ಪತ್ತು ಜನ, ಗಟ್ಟಿಯಾದ ನಮೋಸ್ತು ಘೋಷ, ಪಿಂಛಿ ಕಮಂಡಲು ಎಲ್ಲವೂ ಒಮ್ಮೆಗೇ ಬಂದೆರಗಿದರೆ ಅದು ಇನ್ನೇನು ಮಾಡೀತು?

ಮರಿಯಾಗಿದ್ದಾಗಿನ ನನ್ನ ಶಿಕ್ಷಣಪದ್ಧತಿಯನ್ನೂ ಅವರು ಕೇಳಿ ತಿಳಿದರು. ಮನೆಯೊಳಗೆ ಗಲೀಜು ಮಾಡಿದರೆ ಮೂತಿಯನ್ನು ಅದರಲ್ಲಿ ಉಜ್ಜುವುದು, ಚಪ್ಪಲಿ ಕಚ್ಚಿದರೆ ಸುರುಳಿ ಸುತ್ತಿದ ದಿನಪತ್ರಿಕೆಯಿಂದ ಹೊಡೆಯುವುದು. ನಮ್ಮ ಬೀದಿಯ ಶಾಸ್ತ್ರವೆಲ್ಲ ಇಷ್ಟೆ. ಎಳೆಯ ಮರಿಯು ನಿದ್ದೆಯಿಂದ ಎದ್ದೊಡನೆ, ಉಂಡೊಡನೆ, ಆಡಿ ದಣಿದೊಡನೆ ಮೂತ್ರಕ್ಕೆ ಹೋಗುತ್ತದೆ. ಆ ಮೂರು ಹೊತ್ತಿಗೆ ಅದನ್ನು ಎತ್ತಿ ಹೊರಗಿಟ್ಟು, ಕೆಲಸ ಮುಗಿದ ಕ್ಷಣವೇ ಮೆಚ್ಚಿದರೆ ತಪ್ಪಿಗೆ ಅವಕಾಶವೇ ಇರುವುದಿಲ್ಲ. ನಾಲ್ಕನೆಯ ತಿಂಗಳ ಹೊತ್ತಿಗೆ ಮರಿಯ 28 ಹಾಲುಹಲ್ಲುಗಳು ಬೀಳತೊಡಗಿ 42 ಹಲ್ಲುಗಳು ಬರಲಾರಂಭಿಸುತ್ತವೆ. ಒಸಡು ಕೆರೆಯುತ್ತದೆ, ಏನನ್ನಾದರೂ ಕಚ್ಚಲೇಬೇಕು. ಕಚ್ಚುವುದಕ್ಕೆ ತಕ್ಕ ವಸ್ತುವನ್ನು ಕೊಡದೆ ಚಪ್ಪಲಿಯನ್ನು ನೆಲದ ಮೇಲೆ ಬಿಟ್ಟವರು ಯಾರು? ಆದಾನ-ನಿಕ್ಷೇಪಣವೆಂದರೆ ವಸ್ತುವನ್ನು ಎತ್ತುವಾಗ ಇಡುವಾಗ ಯತ್ನವಿರಬೇಕೆಂಬ ಭಾವನೆ. ಅಹಿಂಸಾವ್ರತದ ಐದು ಭಾವನೆಗಳಲ್ಲಿ ಅದೂ ಒಂದು. ಇಷ್ಟು ವರ್ಷ ಅದನ್ನು ಪಾಠ ಹೇಳಿದ ನಾನು ಚಪ್ಪಲಿಯ ಸಂಬಂಧದಲ್ಲಿ ಒಮ್ಮೆಯೂ ನೆನೆಯಲಿಲ್ಲ. (ಅಂಗಡಿಗಳಲ್ಲಿ ನಾಯಿಗೆ ಕಚ್ಚಲು ಮಾರುವ ‘ಮೂಳೆ’ಗಳು ಬಹುಮಟ್ಟಿಗೆ ಪಶುಚರ್ಮದಿಂದಲೇ ಮಾಡಿದವು, ನಮ್ಮವರು ಚೀಟಿಯನ್ನು ಓದಿ ಕೊಳ್ಳಬೇಕು. ಗಟ್ಟಿ ರಬ್ಬರಿನ ಆಟಿಕೆ ಸಾಕು.)

ವೈದ್ಯರು ಹೇಳಿದ ಒಂದು ಮಾತು ನನ್ನ ವ್ಯಾಪಾರಿ ಬುದ್ಧಿಗೆ ಕೂಡಲೇ ಹಿಡಿಯಿತು. ನಾಯಿಯ ಮೇಲೆ ಒಂದು ಖಾತೆ ತೆರೆಯಿರಿ, 14 ದಿನ ಬರೆಯಿರಿ ಎಂದರು. ಬೊಗಳಿದ್ದು ಎಷ್ಟು ಗಂಟೆಗೆ, ಎಲ್ಲಿ, ಅದಕ್ಕೆ ಮೊದಲು ಏನಾಯಿತು, ಆದ ಮೇಲೆ ಅದಕ್ಕೆ ಏನು ದೊರೆಯಿತು, ಇಷ್ಟು ಕಾಲಮು. ಹಳೆಯ ರೋಜುಕೀರ್ದಿಯ ಪುಸ್ತಕವೊಂದರಲ್ಲಿ ಬರೆದೆ. ಹದಿನೈದನೆಯ ದಿನ ಕೂಡಿಸಿ ನೋಡಿದರೆ ಬೊಗಳಿಕೆಯ ಬಹುಪಾಲು ಮುಂಬಾಗಿಲ ಗೇಟಿನಲ್ಲೇ, ಹಾಲಿನವನು, ಪತ್ರಿಕೆಯ ಹುಡುಗ, ಅಂಚೆಯವರು ಬರುವ ಹೊತ್ತಿಗೇ. ‘ದೊರೆತದ್ದೇನು’ ಎಂಬ ಕಾಲಮಿನಲ್ಲಿ ನಾನು ಮೊದಲು ‘ಏನೂ ಇಲ್ಲ’ ಎಂದು ಬರೆದಿದ್ದೆ. ವೈದ್ಯರು ಅದನ್ನು ಹೊಡೆದುಹಾಕಿದರು. ಅಂಚೆಯವರು ಕಾಗದ ಕೊಟ್ಟು ಹೇಗೂ ಹೋಗುವವರೇ. ಆದರೆ ನಾಯಿಯ ಲೆಕ್ಕದಲ್ಲಿ ತಾನು ಬೊಗಳಿದ್ದರಿಂದ ಅವರು ಓಡಿಹೋದರು. ದಿನವೂ ಅದಕ್ಕೆ ಜಯವೇ. ದಿನವೂ ಜಮೆ ಬೀಳುವ ಖಾತೆಯನ್ನು ಯಾರಾದರೂ ಮುಚ್ಚುತ್ತಾರೆಯೇ?

ಹೀಗೆ ಲೆಕ್ಕ ಸಿಕ್ಕ ಮೇಲೆ ಕೆಲಸ ಸುಲಭವಾಯಿತು. ಗೇಟಿನ ಕೆಳಭಾಗಕ್ಕೆ ಹಲಗೆ ಹೊಡೆಸಿದೆವು; ಬೀದಿ ಕಾಣದಾದ್ದರಿಂದ ಅರ್ಧ ಬೊಗಳಿಕೆ ಅಂದೇ ನಿಂತಿತು. ಹಾಲಿನವನು ಬರುವ ಹೊತ್ತಿಗೆ ನಾಯಿಯನ್ನು ಹಿತ್ತಲಿಗೆ ಕರೆದೊಯ್ದೆವು. ಹಿಂಭಾಗದ ಪಡಸಾಲೆಯಲ್ಲಿ ಒಂದು ಗೋಣಿಚೀಲದ ಹಾಸಿಗೆ ಹಾಕಿ, ಗಂಟೆ ಬಾರಿಸಿದರೆ ಅಲ್ಲಿಗೆ ಹೋಗಿ ಕೂರುವುದನ್ನು ಕಲಿಸಿದೆವು. ಮೊದಲು ಗಂಟೆಯಿಲ್ಲದೆ ಬರಿಯ ಹಾಸಿಗೆ. ಅದರ ಮೇಲೆ ಕಾಲಿಟ್ಟ ಕ್ಷಣವೇ ಒಣರೊಟ್ಟಿಯ ಚೂರು. ಒಂದು ವಾರದ ಮೇಲೆ ಮೊಮ್ಮಗನು ಗಂಟೆಯನ್ನು ಮೆಲ್ಲಗೆ ಬಾರಿಸಿದ, ಆಮೇಲೆ ಜೋರಾಗಿ, ಆಮೇಲೆ ನೆರೆಯವರು ಬಂದು ಬಾರಿಸಿದರು. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರು ಸಲ, ಹೆಚ್ಚಿಲ್ಲ. ತಪ್ಪಿದರೆ ಏಟಿಲ್ಲ, ಗದರಿಕೆಯಿಲ್ಲ. ಚೂರು ಇಲ್ಲ, ಅಷ್ಟೇ. ವೈದ್ಯರು ಚೂರಿಗೆ ಗಜ್ಜರಿಯನ್ನು ಸೂಚಿಸಿದ್ದರು. ಕಂದಮೂಲ ನಮ್ಮ ಮನೆಗೆ ಬಾರದೆಂದಾಗ ನಕ್ಕು ಸೌತೆಕಾಯಿ ಎಂದರು. ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ವಿಷವಂತೆ, ಆ ಭಯ ನಮ್ಮ ಮನೆಗಳಲ್ಲಿಲ್ಲ. ಆದರೆ ಒಣದ್ರಾಕ್ಷಿಯೂ ವಿಷವೇ. ಪ್ರಸಾದದ ದ್ರಾಕ್ಷಿಯನ್ನು ಮಕ್ಕಳು ಪ್ರೀತಿಯಿಂದ ನಾಯಿಗೆ ಹಾಕುವುದುಂಟು, ಜಾಗ್ರತೆ ವಹಿಸಬೇಕು.

ನಮ್ಮ ಹಿರಿಯರೊಬ್ಬರು ಇದನ್ನು ನೋಡಿ, ಇದು ಲಂಚ, ಲೋಭವನ್ನು ಬೆಳೆಸುವ ವಿದ್ಯೆ ಎಂದು ಆಕ್ಷೇಪಿಸಿದರು. ನಾನು ನನ್ನ ವೃತ್ತಿಯ ಭಾಷೆಯಲ್ಲಿ ಉತ್ತರಿಸಿದೆ. ಕೆಲಸಕ್ಕೆ ಮೊದಲು ತೋರಿಸಿ ಮಾಡಿಸಿಕೊಂಡರೆ ಲಂಚ, ಮಾಡಿದ ಮೇಲೆ ಕೊಟ್ಟರೆ ಕೂಲಿ. ಕೆಲಸ ರೂಢಿಯಾದ ಮೇಲೆ ಚೂರನ್ನು ಒಮ್ಮೆ ಕೊಟ್ಟು ಮೂರು ಬಾರಿ ಬಿಟ್ಟರೂ ನಡೆಯುತ್ತದೆ, ಮೆಚ್ಚುಮಾತು ಉಳಿದರೆ ಸಾಕು. ಅವರಿಗೆ ಒಪ್ಪಿಗೆಯಾಯಿತೋ ಇಲ್ಲವೋ ತಿಳಿಯದು.

ಈ ದಿನಗಳಲ್ಲಿ ನನ್ನನ್ನು ಬಹಳವಾಗಿ ಕಾಡಿದ್ದು ಒಂದು ಶಬ್ದ. ಗೊಮ್ಮಟಸಾರದಲ್ಲಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಸಂಜ್ಞಿ ಜೀವ, ಅಂದರೆ ಮನಸ್ಸುಳ್ಳ ಜೀವ ಯಾವುದೆಂದು ಹೇಳುವಲ್ಲಿ, ಶಿಕ್ಷೆಯನ್ನೂ ಉಪದೇಶವನ್ನೂ ಗ್ರಹಿಸಬಲ್ಲುದೇ ಅದರ ಲಕ್ಷಣವೆಂದಿದ್ದಾರೆ. ನಾಯಿ ಸಂಜ್ಞಿ ಪಂಚೇಂದ್ರಿಯ ತಿರ್ಯಂಚ. ಅಂತಹ ಜೀವವು ದೇಶವ್ರತದ 5ನೆಯ ಗುಣಸ್ಥಾನದವರೆಗೆ ಏರಬಲ್ಲುದೆಂದು ನಮ್ಮ ಸಿದ್ಧಾಂತ ಒಪ್ಪುತ್ತದೆ. ಅಲ್ಲಿ ಶಿಕ್ಷೆಯೆಂದರೆ ಕಲಿಸುವುದು. ನಮ್ಮ ಆಡುಮಾತಿನಲ್ಲಿ ಮಾತ್ರ ಅದು ದಂಡನೆಯಾಗಿಬಿಟ್ಟಿದೆ. ನಾನು ಮೋತಿಗೆ ಎರಡು ವರ್ಷ ಎರಡನೆಯ ಅರ್ಥದ ಶಿಕ್ಷೆಯನ್ನೇ ಕೊಟ್ಟಿದ್ದೆ. ಜೀವಂಧರಕುಮಾರನು ಸಾಯುತ್ತಿದ್ದ ನಾಯಿಗೆ ಪಂಚನಮಸ್ಕಾರ ಮಂತ್ರವನ್ನು ಹೇಳಿ ಅದು ಸುದರ್ಶನಯಕ್ಷನಾದ ಕಥೆಯನ್ನು, ಭಾಸ್ಕರಕವಿ 1424ರಲ್ಲಿ ಕನ್ನಡದಲ್ಲಿ ಬರೆದದ್ದನ್ನು, ನಾವೆಲ್ಲ ಭಕ್ತಿಯಿಂದ ಕೇಳುತ್ತೇವೆ. ಆ ನಾಯಿ ಸಾಯುವ ಸ್ಥಿತಿಗೆ ಬಂದದ್ದು ಪೂಜೆಗೆಂದಿಟ್ಟ ಅನ್ನವನ್ನು ಮುಟ್ಟಿತೆಂದು ಜನ ಹೊಡೆದದ್ದರಿಂದ. ಆ ಅನ್ನವನ್ನು ನಾಯಿಗೆ ಎಟಕುವಂತೆ ಇಟ್ಟವರು ಯಾರೆಂದು ಕಥೆ ಕೇಳುವಾಗ ನನಗೆ ಎಂದೂ ತೋರಿರಲಿಲ್ಲ.

ಹೊಡೆದು ಕಲಿಸಿದ ನಾಯಿಗಳೂ ಕಲಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕಲಿಯುತ್ತವೆ, ಆದರೆ ಬೆಲೆ ತೆರುವುದು ಅವು. 2020ರಲ್ಲಿ ಪೋರ್ಚುಗಲ್ಲಿನ ಸಂಶೋಧಕರು ಬೇರೆ ಬೇರೆ ತರಬೇತಿ ಶಾಲೆಗಳ 92 ಸಾಕುನಾಯಿಗಳನ್ನು ಹೋಲಿಸಿ ನೋಡಿದರು. ದಂಡನೆಯನ್ನು ಹೆಚ್ಚಾಗಿ ಬಳಸುವ ಶಾಲೆಗಳ ನಾಯಿಗಳಲ್ಲಿ ಉದ್ವೇಗದ ಚಿಹ್ನೆಗಳು ಹೆಚ್ಚು ಕಂಡವು, ತರಬೇತಿಯ ಅನಂತರ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಸ್ರಾವವೂ ಹೆಚ್ಚಾಗಿತ್ತು. ನಮ್ಮ ದೇಶದ ಕಾನೂನಿನ ಮಾತೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಅಧಿನಿಯಮದ 11ನೆಯ ಪ್ರಕರಣವನ್ನು ಈ ಸಂದರ್ಭದಲ್ಲಿ ಓದಿದೆ. ಹೊಡೆಯುವುದು, ಅತಿಭಾರ ಹೇರುವುದು, ಗಿಡ್ಡ ಸರಪಳಿಯಲ್ಲಿ ಬಹುಹೊತ್ತು ಕಟ್ಟುವುದು, ಅನ್ನನೀರು ಕೊಡದಿರುವುದು, ಅಂಗಚ್ಛೇದ, ಎಲ್ಲವೂ ಅಲ್ಲಿ ಅಪರಾಧಗಳು. ಸದಾ ಕಟ್ಟಿಹಾಕಿದ ನಾಯಿಗೆ ಓಡಾಟ ಕೊಡದಿರುವುದನ್ನು ಬೇರೆಯಾಗಿ ಹೆಸರಿಸಿದ್ದಾರೆ. ಐದು ಅತಿಚಾರಗಳ ಪಟ್ಟಿಯನ್ನೇ ಇನ್ನೊಮ್ಮೆ ಓದಿದಂತಾಯಿತು.

ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಮೋತಿ ಕೋಲನ್ನು ಕಂಡರೆ ಈಗಲೂ ಮಂಚದ ಕೆಳಗೆ ಸೇರುತ್ತದೆ; ಅದು ನನ್ನ ಗಳಿಕೆ. ಭಗವಾನ್ ಮಹಾವೀರರ ನಿರ್ವಾಣದ ದಿನ ಊರಲ್ಲಿ ಸಿಡಿಯುವ ಪಟಾಕಿಗೆ ನಡುಗುತ್ತದೆ. ಆ ಸಂಜೆ ಅದನ್ನು ಬೇಗ ತಿರುಗಾಡಿಸಿ ತಂದು, ನಡುಮನೆಯ ಕಿಟಕಿಗಳನ್ನು ಮುಚ್ಚಿ, ಒಬ್ಬರು ಜೊತೆಯಲ್ಲಿ ಕೂರುತ್ತೇವೆ. ಶಾಂತವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಸಿಡುಕಿದರೆ ಮೈಯಲ್ಲಿ ನೋವಿರಬಹುದು, ಮೊದಲು ವೈದ್ಯರಿಗೆ ತೋರಿಸಬೇಕು. ಕಚ್ಚುವ ನಾಯಿಯ ವಿಷಯದಲ್ಲಿ ನನ್ನಂತಹವರ ಲೇಖನ ಓದಿ ಪ್ರಯೋಗ ಮಾಡಬಾರದು.

2023ರ ಡಿಸೆಂಬರಿನಲ್ಲಿ ವಿಹಾರದಲ್ಲಿದ್ದ ಸಂಘವೊಂದು ನಮ್ಮ ಊರಿನಲ್ಲಿ ತಂಗಿದಾಗ ಮತ್ತೆ ಆಹಾರದಾನದ ಯೋಗ ಬಂತು. ಈ ಸಲ ಸಿದ್ಧತೆಯ ಪಟ್ಟಿಯಲ್ಲಿ ಮೊದಲ ಸಾಲು ನಾಯಿಯದು. ಮೂರು ಭಾನುವಾರ ಬಂಧುಗಳು ಹತ್ತು ಹನ್ನೆರಡು ಜನ ಒಟ್ಟಾಗಿ ಬಂದು ಗೇಟಿನಲ್ಲಿ ನಿಂತು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ ನಮೋಸ್ತು ಹೇಳಿ ಅಭ್ಯಾಸ ಮಾಡಿಸಿದರು. ಮೋತಿ ಹಾಸಿಗೆಯ ಮೇಲೆ ಕುಳಿತು ಸೌತೆಕಾಯಿ ತಿಂದಿತು. ಇಷ್ಟು ಕಲಿತ ಮೇಲೂ ಆ ದಿನ ಅದನ್ನು ಮನೆಯಲ್ಲಿ ಇಡಲಿಲ್ಲ. ಕಲಿಕೆಯ ಪರೀಕ್ಷೆಗೆ ಮುನಿಗಳ ಆಹಾರದ ಹೊತ್ತನ್ನು ಪಣಕ್ಕಿಡುವುದು ವಿವೇಕವಲ್ಲ. ಬೆಳಗ್ಗೆ ಅದನ್ನು ದೂರ ತಿರುಗಾಡಿಸಿ, ಹೊಟ್ಟೆತುಂಬ ಉಣಿಸಿ, ಮೊಮ್ಮಗನ ಜೊತೆ ಉಗ್ರಾಣದ ಕೋಣೆಯಲ್ಲಿ ಬಿಟ್ಟೆವು. ಅದು ಮಲಗಿ ನಿದ್ರಿಸಿತಂತೆ. ಆಹಾರ ನಿರಂತರಾಯವಾಗಿ ನಡೆಯಿತು.

ಬಸದಿಯ ಟ್ರಸ್ಟಿನವರಿಗೆ ಒಂದು ಮಾತು. ನಮ್ಮ ಬಸದಿಯ ಮುಂದೆಯೂ ಬೀದಿನಾಯಿಗಳು ಭಕ್ತರ ಚಪ್ಪಲಿಗಳನ್ನು ಎಳೆದೊಯ್ಯುತ್ತಿದ್ದವು. ಅವನ್ನು ಓಡಿಸಲು ಕಾವಲುಗಾರನಿಗೆ ಕೋಲು ಕೊಡಿಸಬೇಕೆಂದು ಸಭೆಯಲ್ಲಿ ಸೂಚನೆ ಬಂದಿತ್ತು. ಅದರ ಬದಲು ಬಾಗಿಲುಳ್ಳ ಒಂದು ಕಪಾಟು ಮಾಡಿಸಿದೆವು. ಚಪ್ಪಲಿಯ ದೂರು ಅಲ್ಲಿಗೆ ಮುಗಿಯಿತು. ಭಕ್ತರು ಕಂಡಕಂಡಲ್ಲಿ ಅನ್ನ ಸುರಿಯುವುದನ್ನು ನಿಲ್ಲಿಸಿ, ಮಕ್ಕಳು ವೃದ್ಧರು ಓಡಾಡದ ಒಂದು ಸ್ಥಳ, ಒಂದು ಹೊತ್ತು ಗೊತ್ತುಮಾಡುವ ಕೆಲಸ ಇನ್ನೂ ನಡೆಯುತ್ತಿದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಇದಕ್ಕೆ ದಾರಿ ಹೇಳುತ್ತವೆ. 2025ರಿಂದ ನ್ಯಾಯಾಲಯದ ಆದೇಶಗಳೂ ಬಂದಿರುವುದರಿಂದ ನಗರಸಭೆಯನ್ನು ವಿಚಾರಿಸಿಯೇ ಮುಂದುವರಿಯುವುದು ಲೇಸು. ಸಂತಾನಹರಣ ಚಿಕಿತ್ಸೆ, ರೇಬೀಸ್ ಚುಚ್ಚುಮದ್ದುಗಳ ಖರ್ಚಿಗೆ ಜೀವದಯಾ ಪೆಟ್ಟಿಗೆಯ ಹಣವನ್ನು ಬಳಸಬಹುದೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಬಳಸಬೇಕೆಂಬುದು ನನ್ನ ಮತ.

ಪಾಠಶಾಲೆಗೆ ನಾನು ಮತ್ತೆ ಹೋಗತೊಡಗಿದ್ದೇನೆ. ಅತಿಚಾರಗಳ ಪಾಠದಲ್ಲಿ ಈಗ ಎತ್ತು ಕುದುರೆಗಳ ಜಾಗದಲ್ಲಿ ಮೋತಿಯ ಕಥೆಯನ್ನು, ನನ್ನ ಕೋಲಿನ ಸಮೇತ, ಹೇಳುತ್ತೇನೆ. ಕಳೆದ ತಿಂಗಳು ಎಂಟು ವರ್ಷದ ಹುಡುಗಿಯೊಬ್ಬಳು, ತಾನು ಶಾಲೆಗೆ ಹೋಗುವಾಗ ಮನೆಯ ನಾಯಿಯನ್ನು ಕಟ್ಟಿಹಾಕುತ್ತಾರೆ, ಅದೂ ಬಂಧವೇ ಎಂದು ಕೇಳಿದಳು. ಹಗ್ಗ ಎಷ್ಟು ಉದ್ದವಿದೆ, ಎಷ್ಟು ಹೊತ್ತು ಕಟ್ಟುತ್ತಾರೆ, ನೀರಿನ ಬಟ್ಟಲು ಅದಕ್ಕೆ ಎಟಕುತ್ತದೆಯೇ, ನೋಡಿಕೊಂಡು ಬಾ ಎಂದೆ. ಮುಂದಿನ ಭಾನುವಾರ ಅಳೆದುಕೊಂಡು ಬಂದಿದ್ದಳು. ಹಗ್ಗ ಎರಡು ಮೊಳ, ಬೆಳಗಿನಿಂದ ಸಂಜೆಯವರೆಗೆ, ಬಟ್ಟಲು ಬಿಸಿಲಲ್ಲಿ. ಆ ಸಂಜೆ ಅವಳ ತಂದೆಯವರನ್ನು ಕಂಡು ಮಾತನಾಡಲು ಅವರ ಮನೆಗೆ ಹೋಗಿದ್ದೆ. ನನ್ನ ರೋಜುಕೀರ್ದಿಯ ಪುಸ್ತಕವನ್ನೂ ಜೊತೆಗೆ ಒಯ್ದಿದ್ದೆ.